ಕಂಡ ಬೂಷ್ಟೆಲ್ಲ ಕಾರಣವೇ?

ಕಳೆದ ಮಾಘಮಾಸದ ಒಂದು ಬೆಳಗ್ಗೆ, ಇಬ್ಬನಿ ಇನ್ನೂ ಆರದ ಹೊತ್ತಿನಲ್ಲಿ, ನೆರೆಯ ತೋಟದ ಯಜಮಾನರು ಕಿತ್ತಳೆಯ ರೆಂಬೆಯೊಂದನ್ನು ಮುರಿದುಕೊಂಡು ನಮ್ಮ ಜಗಲಿಗೆ ಬಂದರು. ರೆಂಬೆಯ ಎಲೆಗಳೆಲ್ಲವೂ ಹಳೆಯ ಅಡಿಗೆಮನೆಯ ಮಾಡಿಗೆ ಹಿಡಿದ ಇಲ್ಲಣದಂತೆ ಕಪ್ಪಾಗಿದ್ದುವು. "ಮೇಷ್ಟ್ರೇ, ಗಿಡಕ್ಕೆ ಬೂಷ್ಟು ಹತ್ತಿದೆ. ಅಂಗಡಿಯವನು ಎರಡು ಥರದ ಪುಡಿ ಕೊಟ್ಟಿದ್ದಾನೆ. ಯಾವುದನ್ನು ಮೊದಲು ಹೊಡೀಲಿ?" ಎಂದು ಕೇಳಿದರು. ಅವರಿಗೆ ಸಂದೇಹವಿದ್ದುದು ಔಷಧಿಗಳ ಸರದಿಯ ವಿಷಯದಲ್ಲಿಯೇ ಹೊರತು ಔಷಧಿ ಬೇಕೋ ಬೇಡವೋ ಎಂಬ ವಿಷಯದಲ್ಲಿ ಅಲ್ಲ. ನಾನು ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ ಒಂದು ಎಲೆಯನ್ನು ಉಜ್ಜಿದೆ. ಕಪ್ಪು, ನೆನೆದ ತೆಳ್ಳನೆಯ ಕಾಗದದಂತೆ ಸುರುಳಿ ಸುತ್ತಿಕೊಂಡು ಎದ್ದುಬಂದಿತು; ಅದರ ಅಡಿಯಲ್ಲಿ ಎಲೆ ಒಂದು ಕಲೆಯೂ ಇಲ್ಲದೆ ಹಸುರಾಗಿ ಹೊಳೆಯಿತು. ರೆಂಬೆಯನ್ನು ಮಗುಚಿ ನೋಡಿದರೆ ನಡುನರದ ಗುಂಟ ಎಳ್ಳಿನ ಸಿಪ್ಪೆಯಂತೆ ಅಂಟಿಕೊಂಡ ಶಲ್ಕಕೀಟಗಳು. ಅವುಗಳ ನಡುವೆ ಗಡಿಬಿಡಿಯಿಂದ ಓಡಾಡುತ್ತಿದ್ದ ನಾಲ್ಕಾರು ಚಗಳಿ ಇರುವೆಗಳು. ಅವುಗಳಲ್ಲೊಂದು ನನ್ನ ಮುಂಗೈಯನ್ನು ಕಚ್ಚಿಯೇ ತನ್ನ ಸಾಕ್ಷ್ಯವನ್ನು ನುಡಿಯಿತು.

ಆ ಕಪ್ಪು ಪದಾರ್ಥ ಶಿಲೀಂಧ್ರವೇ ಎಂಬುದರಲ್ಲಿ ಸಂಶಯವಿಲ್ಲ. ಕ್ಯಾಪ್ನೋಡಿಯಂ ಮತ್ತು ಅದರ ಬಂಧುಗಳಾದ ಈ ಮಸಿಬೂಷ್ಟುಗಳು ಗಿಡದ ಒಂದು ಜೀವಕೋಶವನ್ನೂ ಭೇದಿಸುವುದಿಲ್ಲ. ರಸ ಹೀರುವ ಕೀಟಗಳು ವಿಸರ್ಜಿಸುವ ಸಿಹಿಯಾದ ಅಂಟೇ ಅವುಗಳ ಆಹಾರ. ಎಲೆಗೆ ಬೀಳಬೇಕಾದ ಬೆಳಕನ್ನು ಒಂದಿಷ್ಟು ತಡೆಯುವುದೇ ಅವುಗಳಿಂದಾಗುವ ಉಪದ್ರವ. ಗಿಡ ಸೊರಗಿದೆ ಎಂಬುದು ನಿಜ, ಗಿಡದ ಮೇಲೆ ಶಿಲೀಂಧ್ರವಿದೆ ಎಂಬುದೂ ನಿಜ. ಈ ಎರಡು ನಿಜಗಳನ್ನು ಕೂಡಿಸಿ, ಶಿಲೀಂಧ್ರದಿಂದಲೇ ಗಿಡ ಸೊರಗಿದೆ ಎಂದು ನುಡಿದೊಡನೆ ಅದು ಸುಳ್ಳಾಗುತ್ತದೆ. ನಮ್ಮ ನ್ಯಾಯಶಾಸ್ತ್ರದವರು ಇದಕ್ಕೊಂದು ಸೊಗಸಾದ ಉದಾಹರಣೆಯನ್ನು ಬಹಳ ಹಿಂದೆಯೇ ಕೊಟ್ಟಿದ್ದಾರೆ. ಮಡಕೆ ಹುಟ್ಟುವ ಮುನ್ನ ಕುಂಬಾರನಿದ್ದ, ಮಣ್ಣಿತ್ತು, ಚಕ್ರವಿತ್ತು, ಮಣ್ಣು ಹೊತ್ತು ತಂದ ಕತ್ತೆಯೂ ಇತ್ತು. ಹಾಗೆಂದು ಕತ್ತೆಯನ್ನು ಮಡಕೆಯ ಕಾರಣವೆಂದು ಎಣಿಸುವುದಿಲ್ಲ, ಅದು ಅನ್ಯಥಾಸಿದ್ಧ ಎನ್ನುತ್ತಾರೆ. ನಿಂಬೆ, ಕಿತ್ತಳೆ, ಮೂಸಂಬಿ, ಚಕ್ಕೋತ, ಹೇರಳೆ ಮೊದಲಾದ ಗಿಡಗಳ ರೋಗಗಳಿಗೆ ಕಾರಣವಾದ ಶಿಲೀಂಧ್ರವನ್ನು ಗುರುತಿಸುವ ವಿದ್ಯೆಯೆಲ್ಲವೂ, ನನ್ನ ತಿಳಿವಳಿಕೆಯಲ್ಲಿ, ಕುಂಬಾರನನ್ನು ಕತ್ತೆಯಿಂದ ಬೇರ್ಪಡಿಸುವ ವಿದ್ಯೆಯೇ. ಹೆಸರು ಹೇಳುವುದು ಅದರ ಒಂದು ಅಂಗ ಮಾತ್ರ, ಮತ್ತು ಅದು ಅತ್ಯಂತ ಸುಲಭವಾದ ಅಂಗ.

ಕೊಡಗಿನ ಕಿತ್ತಳೆಯ ಮಾತನ್ನೇ ತೆಗೆದುಕೊಳ್ಳಬಹುದು. ಕಾಫಿಯ ನಡುವೆ ಬೆಳೆದು, ಸಡಿಲವಾದ ಸಿಪ್ಪೆಯೊಳಗೆ ಹುಳಿ ಬೆರೆತ ಸವಿಯನ್ನು ಇಟ್ಟುಕೊಂಡು ನಾಡಿಗೆಲ್ಲ ಹೆಸರಾಗಿದ್ದ ಆ ಮರಗಳು ತುದಿಯಿಂದ ಒಣಗುತ್ತ ಬಂದು ತೋಟ ತೋಟಗಳೇ ಬರಿದಾದ ಕಥೆ ಎಲ್ಲರಿಗೂ ತಿಳಿದದ್ದು. ಒಣಗಿದ ಕಡ್ಡಿಯೊಂದನ್ನು ತಂದು, ಒದ್ದೆ ಕಾಗದ ಹಾಸಿದ ಮುಚ್ಚಿದ ತಟ್ಟೆಯಲ್ಲಿ ಮೂರು ದಿನ ಇಟ್ಟರೆ, ಅದರ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳೂ ಅವುಗಳಿಂದ ಉಕ್ಕುವ ಕಿತ್ತಳೆಗೆಂಪು ಲೋಳೆಯೂ ಕಾಣಿಸಿಕೊಳ್ಳುತ್ತವೆ. ಇದು ಕೊಲೆಟೋಟ್ರೈಕಂ ಗ್ಲಿಯೋಸ್ಪೊರಿಯಾಯ್ಡಿಸ್. ಇಟಲಿಯ ನಿಂಬೆಜಾತಿಯ ಗಿಡಗಳಿಂದಲೇ 1882ರಲ್ಲಿ ಪೆನ್ಜಿಗ್ ಎಂಬ ವಿದ್ವಾಂಸನು ಇದನ್ನು ಮೊದಲಿಗೆ ವರ್ಣಿಸಿದನು. ಇಷ್ಟು ಸುಲಭವಾಗಿ ಕೈಗೆ ಸಿಕ್ಕುವ ಅಪರಾಧಿಯನ್ನು ಬಿಡಲು ಯಾರಿಗೆ ಮನಸ್ಸು ಬಂದೀತು? ತುದಿಯೊಣಗಿಗೆ ಇದೇ ಕಾರಣವೆಂದು ಬಹುಕಾಲ ಬರೆಯಲಾಯಿತು. ಆದರೆ ತೊಡಕು ಇಲ್ಲಿದೆ: ಪೂರ್ಣ ಆರೋಗ್ಯದಿಂದಿರುವ ಮರದ ಹಸಿರು ಕಡ್ಡಿಯನ್ನು ಮೇಲೆಲ್ಲ ಶುದ್ಧಿಮಾಡಿ ಅದೇ ತಟ್ಟೆಯಲ್ಲಿಟ್ಟರೂ ಎಷ್ಟೋ ವೇಳೆ ಇದೇ ಶಿಲೀಂಧ್ರ ಹೊರಬರುತ್ತದೆ. ಅದು ಎಳೆಯ ಎಲೆಯಲ್ಲಿಯೇ ಬಂದು ಸೇರಿಕೊಂಡು, ಯಾರಿಗೂ ತೊಂದರೆ ಕೊಡದೆ ಸುಮ್ಮನೆ ಮಲಗಿದ್ದು, ಗಿಡ ಬೇರೆ ಯಾವುದೋ ಕಾರಣದಿಂದ ಬಳಲಿ ಕಡ್ಡಿಗಳು ಸಾಯತೊಡಗಿದಾಗ ಎದ್ದು ಉಣ್ಣತೊಡಗುವ ಅತಿಥಿ. ಆ ಬೇರೆ ಕಾರಣಗಳಾದರೋ ಒಂದೆರಡಲ್ಲ: ಸಿಲ್ಲಿಡ್ ಎಂಬ ಜಿಗಿಹುಳು ಹರಡುವ ಗ್ರೀನಿಂಗ್ ರೋಗದ ಬ್ಯಾಕ್ಟೀರಿಯ, ಸಸ್ಯಹೇನು ಹರಡುವ ಟ್ರಿಸ್ಟೆಜಾ ವೈರಸ್, ಬೇರನ್ನು ಕಚ್ಚುವ ಜಂತುಹುಳು, ಸತುವಿನ ಕೊರತೆ, ಬೇರುಕೊಳೆ, ಮತ್ತು—ಇದನ್ನು ಹೇಳದಿದ್ದರೆ ತಪ್ಪಾದೀತು—ಕಾಫಿಗೆ ಬೆಲೆ ಬಂದ ಮೇಲೆ ಕಿತ್ತಳೆಯ ಮೇಲೆ ನಾವು ತೋರಿದ ಔದಾಸೀನ್ಯ. ಆದುದರಿಂದ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಂತಹ ಕಡೆಗಳಲ್ಲಿ ದುಡಿದವರಿಗೆ ಈ ರೋಗವು ಒಂದು ಹೆಸರಿಗೆ ಒಗ್ಗದೆ, ಹಲವು ಕಾರಣಗಳ ಒಕ್ಕೂಟವಾಗಿ ಕಂಡುದು ಸಹಜವೇ ಆಗಿದೆ.

ಇರುವುದಕ್ಕೂ ಮಾಡುವುದಕ್ಕೂ ನಡುವಣ ಈ ಅಂತರವನ್ನು ದಾಟುವುದಕ್ಕಾಗಿಯೇ ಜರ್ಮನಿಯ ರಾಬರ್ಟ್ ಕಾಖ್ ಮತ್ತು ಆತನ ಸಹಾಯಕನಾದ ಲೋಫ್ಲರ್ 1880ರ ದಶಕದಲ್ಲಿ ಕೆಲವು ನಿಬಂಧನೆಗಳನ್ನು ಹಾಕಿಕೊಟ್ಟರು. ರೋಗವಿದ್ದಲ್ಲೆಲ್ಲ ಆ ಜೀವಿ ಕಾಣಬೇಕು. ಅದನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸಬೇಕು. ಬೆಳೆಸಿದುದನ್ನು ಆರೋಗ್ಯವಂತ ಗಿಡಕ್ಕೆ ಸೋಕಿಸಿದರೆ ಅದೇ ರೋಗ ಬರಬೇಕು. ಹಾಗೆ ಬಂದ ರೋಗದಿಂದ ಅದೇ ಜೀವಿಯನ್ನು ಮರಳಿ ಪಡೆಯಬೇಕೆಂಬುದು ಇವಕ್ಕೆ ಮುಂದೆ ಸೇರಿತು. ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬ ಅನ್ವಯ ವ್ಯತಿರೇಕಗಳನ್ನು ಬಲ್ಲ ನಮ್ಮ ತಾರ್ಕಿಕನಿಗೆ ಇದರಲ್ಲಿ ಹೊಸದಾಗಿ ತೋರುವುದು ಪ್ರಯೋಗವೇ ಹೊರತು ತತ್ತ್ವವಲ್ಲ. ಈ ನಿಬಂಧನೆಗಳಿಗೂ ಮಿತಿಯುಂಟು. ಕೊಡಗಿನ ಕಿತ್ತಳೆಯ ಎಳೆ ಚಿಗುರಿನ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣುವ ಬೂದಿರೋಗದ ಶಿಲೀಂಧ್ರವು ಜೀವಂತ ಎಲೆಯ ಮೇಲಲ್ಲದೆ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಹಾಗೆಂದು ಅದನ್ನು ನಿರಪರಾಧಿ ಎನ್ನಲಾಗದು. ಆದರೂ ಮಿತಿಯಿರುವ ನಿಯಮವು ನಿಯಮವೇ ಇಲ್ಲದ ಊಹೆಗಿಂತ ಮೇಲು.

ಊಹೆಯ ಬೆಲೆಯೆಷ್ಟೆಂಬುದನ್ನು ಅಮೆರಿಕದ ಫ್ಲಾರಿಡಾ ಪ್ರಾಂತದವರು ಬಲ್ಲರು. ಕಳೆದ ಶತಮಾನದ ಎರಡನೆಯ ದಶಕದಲ್ಲಿ ಜಪಾನಿನಿಂದ ಬಂದ ಸಸಿಗಳ ಜೊತೆಯಲ್ಲಿ ಅಲ್ಲಿಗೊಂದು ಹೊಸ ಕಜ್ಜಿರೋಗ ಕಾಲಿಟ್ಟಿತು: ಎಲೆಯ ಮೇಲೂ ಕಾಯಿಯ ಮೇಲೂ ಬಿರಟೆಯಂತೆ ಉಬ್ಬಿದ, ನಡುವೆ ಬಿರಿದ, ಸುತ್ತ ಹಳದಿ ವಲಯವುಳ್ಳ ಗಾಯಗಳು. ಹುಣ್ಣುಗಳನ್ನು ಕೆದಕಿ ನೋಡಿದವರಿಗೆ ಶಿಲೀಂಧ್ರಗಳು ಸಿಕ್ಕಿದುವು. ಸತ್ತ ಅಂಗಾಂಶದಲ್ಲಿ ಸಿಕ್ಕದೆ ಇನ್ನೆಲ್ಲಿ ಸಿಕ್ಕಬೇಕು? ಅಂದಮೇಲೆ ಇದು ಶಿಲೀಂಧ್ರರೋಗವೆಂಬ ಭಾವನೆ ಬೇರೂರಿತು. ಅಷ್ಟರಲ್ಲಿ ವಾಷಿಂಗ್ಟನ್ನಿನ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಕ್ಲಾರಾ ಹ್ಯಾಸೆ ಎಂಬ ಮಹಿಳೆ ಗಾಯಗಳಿಂದ ಬ್ಯಾಕ್ಟೀರಿಯವೊಂದನ್ನು ಬೇರ್ಪಡಿಸಿ, ಬೆಳೆಸಿ, ಆರೋಗ್ಯವಂತ ಗಿಡಕ್ಕೆ ಸೋಕಿಸಿ, ಅದೇ ಕಜ್ಜಿಯನ್ನು ಬರಿಸಿ, 1915ರಲ್ಲಿ ಅದಕ್ಕೆ ಸ್ಯೂಡೊಮೊನಾಸ್ ಸಿಟ್ರಿ ಎಂದು ಹೆಸರಿಟ್ಟಳು. ಇಂದು ಅದರ ಹೆಸರು ಕ್ಸಾಂತೊಮೊನಾಸ್ ಸಿಟ್ರಿ. ಲಕ್ಷಗಟ್ಟಲೆ ಗಿಡಗಳನ್ನು ಸುಟ್ಟು ಆ ಪ್ರಾಂತವು ಅಂದಿಗೆ ರೋಗದಿಂದ ಬಿಡುಗಡೆ ಪಡೆಯಿತು. ಈ ಕಥೆಗೆ ನಮ್ಮ ದೇಶದ ಬಾಲವೊಂದಿದೆ. 1933ರಲ್ಲಿ ಫಾಸೆಟ್ ಮತ್ತು ಜೆಂಕಿನ್ಸ್ ಎಂಬ ಇಬ್ಬರು ಲಂಡನ್ನಿನ ಕ್ಯೂ ಸಸ್ಯಭಂಡಾರದಲ್ಲಿ ಒಣಗಿಸಿಟ್ಟ ಹಳೆಯ ನಿಂಬೆಜಾತಿಯ ರೆಂಬೆಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, 1827ರಿಂದ 1831ರ ಅವಧಿಯಲ್ಲಿ ಭಾರತದಿಂದ ಸಂಗ್ರಹಿಸಿದ್ದ ಎಲೆಗಳ ಮೇಲೆ ಇದೇ ಗಾಯಗಳು ಕಂಡುವು. ಸಂಗ್ರಹಿಸಿದವನು ಎಲೆಯನ್ನು ಕಂಡಿದ್ದನು, ಗಾಯವನ್ನು ಕಂಡಿರಲಿಲ್ಲ. ಇಂಡಿ ತಾಲ್ಲೂಕಿನ ಕಡೆಯ ನಿಂಬೆಯ ಬೆಳೆಗಾರರಿಗೆ ಇಂದಿಗೂ ಈ ಕಜ್ಜಿಯೇ ದೊಡ್ಡ ಕಾಟ. ಬೂಷ್ಟಿನ ಔಷಧಿಗಳಲ್ಲಿ ತಾಮ್ರದ್ದನ್ನು ಬಿಟ್ಟರೆ ಉಳಿದವುಗಳಿಂದ ಅದಕ್ಕೆ ಪ್ರಯೋಜನವಿಲ್ಲವೆಂಬುದನ್ನು ಅವರು ಹಣ ತೆತ್ತೇ ಕಲಿತಿದ್ದಾರೆ.

ಇನ್ನೊಂದು ಬಗೆಯ ಮೋಸವುಂಟು; ಅದು ಇದಕ್ಕಿಂತ ಸೂಕ್ಷ್ಮ. ಕಾಯಿಯ ಸಿಪ್ಪೆಯ ಮೇಲೆ ಕರಿಚುಕ್ಕೆಗಳನ್ನು ಮೂಡಿಸುವ ರೋಗದ ಶಿಲೀಂಧ್ರವನ್ನು 1899ರಲ್ಲಿ ಆಸ್ಟ್ರೇಲಿಯದ ಮೆಕಾಲ್ಪೈನ್ ವರ್ಣಿಸಿದನು. ಇಂದು ಅದನ್ನು ಫಿಲ್ಲೊಸ್ಟಿಕ್ಟಾ ಸಿಟ್ರಿಕಾರ್ಪಾ ಎನ್ನುತ್ತಾರೆ. ಎಳೆಗಾಯಿಯನ್ನು ಹೊಕ್ಕು ತಿಂಗಳುಗಟ್ಟಲೆ ಏನನ್ನೂ ತೋರಗೊಡದೆ, ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಚುಕ್ಕೆಯಾಗಿ ಪ್ರಕಟವಾಗುವುದು ಅದರ ಸ್ವಭಾವ. ವಿಚಿತ್ರವೆಂದರೆ, ಈ ರೋಗವನ್ನೇ ಕಾಣದ ಊರುಗಳ ಹಣ್ಣಿನಿಂದಲೂ, ನಿಂಬೆಗೆ ಸಂಬಂಧವೇ ಇಲ್ಲದ ಅನೇಕ ಮರಗಳಿಂದಲೂ ಇದೇ ರೂಪದ ಶಿಲೀಂಧ್ರ ಸಿಕ್ಕುತ್ತಿತ್ತು. ಅದೇ ಬಗೆಯ ಬೀಜಾಣು, ಅದೇ ಬಗೆಯ ಕಪ್ಪು ಬೆಳೆ. 1964ರಲ್ಲಿ ದಕ್ಷಿಣ ಆಫ್ರಿಕದ ಮೆಕೋನಿ, ಇವು ಎರಡು ಬೇರೆ ಜೀವಿಗಳೆಂದೂ, ಒಂದು ರೋಗಕಾರಿ, ಇನ್ನೊಂದು ಗಿಡಗಳೊಳಗೆ ಸುಮ್ಮನೆ ವಾಸಿಸುವ ನಿರುಪದ್ರವಿಯೆಂದೂ ತೋರಿಸಿದನು. 2002ರಲ್ಲಿ ಡಿ.ಎನ್.ಎ. ಪರೀಕ್ಷೆ ಅದನ್ನು ದೃಢಪಡಿಸಿತು. ಓಟ್ಸ್ ಗಂಜಿಯ ಅಗರ್ ಮೇಲೆ ಬೆಳೆಸಿದರೆ ರೋಗಕಾರಿಯು ಸುತ್ತಲೂ ಹಳದಿ ಬಣ್ಣವನ್ನು ಬಿಡುತ್ತದೆ, ನಿರುಪದ್ರವಿಯು ಹಾಗೆ ಬಿಡುವುದಿಲ್ಲ. ಇಷ್ಟು ಸಣ್ಣ ಗುರುತಿನ ಮೇಲೆ ಹಡಗುಗಟ್ಟಲೆ ಹಣ್ಣಿನ ಭವಿಷ್ಯ ನಿಂತಿರುವುದುಂಟು, ಏಕೆಂದರೆ ಈ ರೋಗವಿದ್ದ ಹಣ್ಣನ್ನು ಯೂರೋಪಿನವರು ಬಂದರಿನಲ್ಲಿಯೇ ತಡೆಯುತ್ತಾರೆ. ರೂಪಸಾಮ್ಯದಿಂದ ಹೆಸರಿಡುವುದು ಅವಳಿಗಳಲ್ಲೊಬ್ಬನ ಸಾಲಕ್ಕೆ ಇನ್ನೊಬ್ಬನ ಮನೆಯನ್ನು ಜಪ್ತಿ ಮಾಡಿದಂತೆ.

ಇಲ್ಲಿ ನನ್ನ ನೆರೆಯವರಂತಹ ಅನುಭವಿಗಳು ಒಂದು ಆಕ್ಷೇಪವನ್ನು ಎತ್ತುವುದುಂಟು, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. "ಹೆಸರು ಕಟ್ಟಿಕೊಂಡು ಏನಾಗಬೇಕು? ಅಡಕೆಯ ಕೊಳೆರೋಗಕ್ಕೆ ನಮ್ಮ ಹಿರಿಯರು ಹೆಸರು ಕೇಳಿಯೇ ಕೊಟ್ಟೆ ಕಟ್ಟಿದರೇ?" ಮಾತು ಸರಿಯಾಗಿದೆ. ಮಳೆಗಾಲಕ್ಕೆ ಮುನ್ನ ಅಡಕೆಯ ಗೊನೆಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಮಾಡುವ ಪದ್ಧತಿ ಮಲೆನಾಡಿನಲ್ಲಿ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬರುವುದಕ್ಕೆ ಬಹಳ ಮೊದಲೇ ಇತ್ತು. ಅದು ಹೆಸರಿಲ್ಲದ ಜ್ಞಾನ, ಆದರೆ ಜ್ಞಾನವೇ. ನೀರು ತಾಗಿದರೆ ಕೊಳೆ, ತಾಗದಿದ್ದರೆ ಇಲ್ಲ ಎಂಬ ಅನ್ವಯ ವ್ಯತಿರೇಕ ಅದರಲ್ಲಿ ಅಡಗಿತ್ತು. ಕೋಲ್ಮನ್ನರು ಕೊಳೆತ ಕಾಯಿಯಿಂದ ಫೈಟೊಫ್ತೊರಾ ಎಂಬ ಜೀವಿಯನ್ನು ಹಿಡಿದು 1910ರಲ್ಲಿ ವರ್ಣಿಸಿದಾಗ ಆ ಜ್ಞಾನಕ್ಕೆ ಕೂಡಿದ ಲಾಭವೇನೆಂದರೆ, ಇದು ನೀರಿನಲ್ಲಿ ಈಜುವ ಬೀಜಾಣುಗಳಿಂದ ಹರಡುವಂಥದು, ಇದರ ಬಂಧುವೇ ಐರ್ಲೆಂಡಿನ ಆಲೂಗೆಡ್ಡೆಯನ್ನು ನಾಶಮಾಡಿದುದು, ಫ್ರಾನ್ಸಿನ ದ್ರಾಕ್ಷಿಗೆ ಹೊಡೆಯುವ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣ ಇದಕ್ಕೂ ನಾಟೀತು ಎಂಬ ತರ್ಕ ಸಾಧ್ಯವಾಯಿತು. ಒಂದು ಹೆಸರು ಒಂದು ಕುಲವನ್ನು ಸೂಚಿಸುತ್ತದೆ. ಕುಲ ತಿಳಿದರೆ ನಡತೆ ತಿಳಿಯುತ್ತದೆ. ನಡತೆ ತಿಳಿದರೆ ಎಲ್ಲಿ ತಡೆಯಬೇಕೆಂಬುದು ತಿಳಿಯುತ್ತದೆ.

ಅದೇ ಫೈಟೊಫ್ತೊರಾ ಕುಲದವರೇ ಕಿತ್ತಳೆ ನಿಂಬೆಗಳ ಬುಡಕೊಳೆಗೂ ಅಂಟು ಸೋರುವ ರೋಗಕ್ಕೂ ಮುಖ್ಯ ಕಾರಣ. ಹಳೆಯ ಗ್ರಂಥಗಳೆಲ್ಲವೂ ಇವನ್ನು ಶಿಲೀಂಧ್ರವೆಂದೇ ಕರೆದುವು. ನಾವೂ ಹಾಗೆಯೇ ಪಾಠ ಹೇಳಿದೆವು. ನಿಜವಾಗಿ ಇವು ಶಿಲೀಂಧ್ರಗಳಿಗಿಂತ ಸಮುದ್ರದ ಕಂದು ಪಾಚಿಗಳಿಗೆ ಹತ್ತಿರದ ನೆಂಟರು. ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ವಿಶಿಷ್ಟವಾದುದು ಕೈಟಿನ್, ಇವುಗಳದರಲ್ಲಿ ಸೆಲ್ಯುಲೋಸ್ ಮತ್ತು ಅದರ ಸೋದರ ಶರ್ಕರಗಳು. ಇದು ಪಂಡಿತರ ಕೂದಲು ಸೀಳುವ ಮಾತೆಂದು ತೋರಬಹುದು. ಆದರೆ ಅಂಗಡಿಯಲ್ಲಿ ಬೂಷ್ಟಿಗೆಂದು ಕೊಡುವ ಕಾರ್ಬೆಂಡಾಜಿಮ್ ನಿಜವಾದ ಶಿಲೀಂಧ್ರಗಳನ್ನು ಕೊಲ್ಲುತ್ತದೆ, ಫೈಟೊಫ್ತೊರಾಕ್ಕೆ ಏನೂ ಮಾಡುವುದಿಲ್ಲ. ಅದನ್ನು ಬುಡಕ್ಕೆ ಸುರಿದವನು ರೋಗವನ್ನು ಹಾಗೆಯೇ ಉಳಿಸಿ, ಮಣ್ಣಿನಲ್ಲಿ ಅದಕ್ಕೆ ಎದುರಾಳಿಯಾಗಿದ್ದ ಟ್ರೈಕೊಡರ್ಮದಂತಹ ಉಪಕಾರಿ ಶಿಲೀಂಧ್ರವನ್ನು ಕೊಲ್ಲುತ್ತಾನೆ. ಮೆಟಲಾಕ್ಸಿಲ್ ಫೈಟೊಫ್ತೊರಾವನ್ನು ತಡೆಯುತ್ತದೆ, ಕೊಲೆಟೋಟ್ರೈಕಂ ಅನ್ನು ಮುಟ್ಟುವುದಿಲ್ಲ. ಹೀಗೆ ಪಂಡಿತನ ವರ್ಗೀಕರಣವು ಬೆಳೆಗಾರನ ಜೇಬಿನೊಳಗೆ ಬಂದು ಕುಳಿತಿದೆ.

ಒಂದು ರೋಗವನ್ನು ಸರಿಯಾಗಿ ತಡೆದುದರಿಂದ ಎಲ್ಲವೂ ಮುಗಿಯಿತೆಂದು ಭಾವಿಸುವುದೂ ಬೇಡ. 1830ರ ದಶಕದಲ್ಲಿ ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಲ್ಲಿ ಕಾಣಿಸಿಕೊಂಡ ಬುಡಕೊಳೆಯು ಮುಂದೆ ಯೂರೋಪಿನ ಕಿತ್ತಳೆಯ ನಾಡುಗಳನ್ನೆಲ್ಲ ಸುತ್ತಿತು. ಅಂದಿನ ಬೆಳೆಗಾರರು ಕಾರಣವನ್ನು ಅರಿಯದಿದ್ದರೂ ಹುಳಿಕಿತ್ತಳೆಯ ಬೇರು ಇದಕ್ಕೆ ಬಗ್ಗುವುದಿಲ್ಲವೆಂದು ಕಂಡುಕೊಂಡು, ಅದರ ಮೇಲೆ ಸಿಹಿಕಿತ್ತಳೆಯನ್ನು ಕಸಿಮಾಡತೊಡಗಿದರು. ಪದ್ಧತಿ ಜಗತ್ತಿಗೆಲ್ಲ ಹರಡಿತು. ಸುಮಾರು ನೂರು ವರ್ಷಗಳ ಅನಂತರ ಅರ್ಜೆಂಟೀನಾ ಬ್ರೆಜಿಲ್‌ಗಳಲ್ಲಿ ಸರಿಯಾಗಿ ಆ ಹುಳಿಕಿತ್ತಳೆಯ ಬೇರಿನ ಮೇಲೆ ನಿಂತ ಮರಗಳೇ ಸಾಲುಸಾಲಾಗಿ ಸತ್ತುವು. ಬೇರು ಕೊಳೆತಿದ್ದುದರಿಂದ ಬೇರಿನಲ್ಲಿಯೇ ಅಪರಾಧಿಯನ್ನು ಹುಡುಕಿದವರಿದ್ದರು. 1946ರಲ್ಲಿ ಬ್ರೆಜಿಲಿನ ಮೆನೆಗಿನಿ, ರೋಗವು ಸಸ್ಯಹೇನಿನ ಮೂಲಕ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುವುದೆಂದು ತೋರಿಸಿದ ಮೇಲೆ ಅದು ವೈರಸ್ ಎಂಬುದು ಸ್ಥಿರವಾಯಿತು. ಬೇರಿಗೆ ಅನ್ನ ಇಳಿಯದಂತೆ ಕಸಿಯ ಗಂಟಿನಲ್ಲಿ ತಡೆದು ಬೇರನ್ನು ಹಸಿವಿನಿಂದ ಕೊಲ್ಲುವುದು ಅದರ ಕ್ರಮ. ಆ ಜನ ಅದನ್ನು ಟ್ರಿಸ್ಟೆಜಾ, ಎಂದರೆ ದುಃಖ, ಎಂದು ಕರೆದರು. ರೋಗಗಳ ಹೆಸರುಗಳಲ್ಲಿ ಇಷ್ಟು ತೂಕದ ಹೆಸರು ನನಗೆ ಬೇರೆ ಕಂಡಿಲ್ಲ.

ಈಗಿನ ತರುಣರು ಈ ಚರ್ಚೆಯನ್ನೆಲ್ಲ ಕೇಳಿ ಮುಗುಳ್ನಗುತ್ತಾರೆ. ಎಲೆಯ ಚೂರೊಂದನ್ನು ಅರೆದು ಡಿ.ಎನ್.ಎ. ತೆಗೆದರೆ ಒಂದೆರಡು ದಿನದೊಳಗೆ ಹೆಸರು ಬರುತ್ತದೆ. ತಟ್ಟೆಯೂ ಬೇಡ, ಕಣ್ಣೂ ಬೇಡ. ನಾನು ಈ ವಿದ್ಯೆಗೆ ಕೈಮುಗಿಯುವವನೇ. ಅದಿಲ್ಲದಿದ್ದರೆ ಆ ಕರಿಚುಕ್ಕೆಯ ಅವಳಿಗಳ ವ್ಯಾಜ್ಯ ಇನ್ನೂ ನಡೆಯುತ್ತಿತ್ತು, ಮತ್ತು 1957ರಲ್ಲಿ ಫಾನ್ ಆರ್ಕ್ಸ್ ಎಂಬಾತ ಸುಮಾರು ಆರುನೂರು ಹೆಸರುಗಳನ್ನು ಒಂದೇ ಕೊಲೆಟೋಟ್ರೈಕಂನ ಚೀಲಕ್ಕೆ ತುಂಬಿದ್ದನಲ್ಲ, ಆ ಚೀಲವನ್ನು ಬಿಚ್ಚಿ ವಿಂಗಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಡಿ.ಎನ್.ಎ. ಹೇಳುವುದು ಮನೆಯಲ್ಲಿ ಯಾರಾರು ಇದ್ದರು ಎಂಬುದನ್ನು. ಕೊಂದವರು ಯಾರು ಎಂಬುದನ್ನಲ್ಲ. ಪರೀಕ್ಷೆ ಸೂಕ್ಷ್ಮವಾದಷ್ಟೂ ಮನೆಯಲ್ಲಿದ್ದವರ ಪಟ್ಟಿ ಉದ್ದವಾಗುತ್ತದೆ, ಕುಂಬಾರನ ಜೊತೆಗೆ ಊರಿನ ಕತ್ತೆಗಳೆಲ್ಲವೂ ಅದರಲ್ಲಿ ಸೇರುತ್ತವೆ. ವಿವೇಚಿಸುವ ಹೊಣೆ ಹಿಂದಿಗಿಂತ ಹೆಚ್ಚುತ್ತದೆ.

ಕಾರ್ತಿಕದಲ್ಲಿ ಮಳೆ ಹಿಂದೆಗೆದ ಮೇಲೆ ನೆರೆಯವರು ಮತ್ತೆ ಬಂದರು. ಈ ಸಲ ಕೈಯಲ್ಲಿ ರೆಂಬೆಯಿರಲಿಲ್ಲ, ನನ್ನನ್ನೇ ಕರೆದೊಯ್ಯಲು ಬಂದಿದ್ದರು. ತೋಟದ ಕೆಳಮೂಲೆಯ ಕಿತ್ತಳೆಯ ಕಾಂಡದಲ್ಲಿ, ನೆಲದಿಂದ ಒಂದು ಗೇಣು ಮೇಲಕ್ಕೆ, ಅಂಟು ಸೋರಿ ಬೆಲ್ಲದ ಹನಿಗಳಂತೆ ಗಟ್ಟಿಯಾಗಿತ್ತು. ಈ ಅಂಟು ನೀರಿನಲ್ಲಿ ಕರಗುವಂಥದು. ಮಳೆಗಾಲವೆಲ್ಲ ಸೋರುತ್ತಿದ್ದರೂ ತೊಳೆದುಹೋಗಿ, ಬಿಸಿಲು ಬಿದ್ದ ಮೇಲೆ ಮೊದಲ ಸಲ ಕಣ್ಣಿಗೆ ಬಿದ್ದಿರಬೇಕು. ಅಂಟು ಕಂಡಾಕ್ಷಣ ಫೈಟೊಫ್ತೊರಾ ಎನ್ನುವಂತಿಲ್ಲ. ತಾಮ್ರದ ಕೊರತೆಯಿಂದಲೂ, ಕೊರೆಹುಳದಿಂದಲೂ, ಬೇರೆ ಶಿಲೀಂಧ್ರಗಳಿಂದಲೂ ಅಂಟು ಬರುತ್ತದೆ. ಬುಡದ ನಾಲ್ಕು ಕಡೆಯಿಂದ ಒಂದಿಷ್ಟು ಮಣ್ಣನ್ನು ತೆಗೆದುಕೊಂಡೆ; ಇಪ್ಪತ್ತು ಹೆಜ್ಜೆ ಮೇಲಿದ್ದ, ಎಲೆಯೆಲ್ಲ ಹಸುರಾಗಿ ಕಾಯಿ ಜಗ್ಗಿ ನಿಂತಿದ್ದ ಇನ್ನೊಂದು ಮರದ ಬುಡದಿಂದಲೂ ತೆಗೆದುಕೊಂಡೆ. ಮನೆಯಲ್ಲಿ ಎರಡು ಬೋಗುಣಿಗಳಲ್ಲಿ ಮಣ್ಣನ್ನು ನೆನೆಹಾಕಿ, ಕಿತ್ತಳೆಯ ಎಳೆ ಎಲೆಯನ್ನು ಬೆರಳುಗುರಿನಷ್ಟು ಚೂರುಗಳಾಗಿ ಕತ್ತರಿಸಿ ನೀರಿನ ಮೇಲೆ ತೇಲಿಬಿಟ್ಟೆ. ಮಣ್ಣಿನಲ್ಲಿ ಆ ಜೀವಿಯಿದ್ದರೆ ಅದರ ಈಜುಬೀಜಾಣುಗಳು, ಕತ್ತರಿಸಿದ ಅಂಚಿನ ವಾಸನೆ ಹಿಡಿದು ಬರುತ್ತವೆ.

ಮೂರನೆಯ ದಿನ ಒಂದು ಚೂರನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಅಂಚನ್ನು ನೋಡಿದೆ. ನಿಂಬೆಯ ಹಣ್ಣಿನದೇ ಆಕಾರ, ತುದಿಯಲ್ಲಿ ಮೊಲೆತೊಟ್ಟಿನಂತಹ ಉಬ್ಬು. ಅಂಥ ಬೀಜಾಣುಚೀಲಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದುವು. ಚೂರನ್ನು ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ಹೊರತೆಗೆದು ಕಾದೆ. ಚೀಲವೊಂದರ ಒಳಗು ಮೊಸರು ಒಡೆದಂತೆ ತುಂಡುತುಂಡಾಗಿ, ತುಂಡುಗಳು ಮಿಸುಕಾಡಿ, ತೊಟ್ಟು ಕರಗಿ, ಒಂದರ ಹಿಂದೊಂದು ನುಸುಳಿ ಹೊರಬಿದ್ದು ತಿರುಗುತ್ತ ಈಜಿ ಮರೆಯಾದುವು. ಎಷ್ಟು ಸಲ ಕಂಡರೂ ಈ ನೋಟ ನನಗೆ ಹಳತಾಗಿಲ್ಲ. ಆಮೇಲೆ ಎರಡನೆಯ ಬೋಗುಣಿಯ ಚೂರನ್ನಿಟ್ಟು ನೋಡಿದೆ. ಅಲ್ಲಿಯೂ ಅವೇ ಚೀಲಗಳು, ಅವೇ ತೊಟ್ಟುಗಳು.

ಸಂಜೆ ನೆರೆಯವರಿಗೆ ಇದನ್ನು ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೇಲಿನ ಮರ ಯಾಕೆ ಚೆನ್ನಾಗಿದೆ ಮೇಷ್ಟ್ರೇ?" ಎಂದರು. ಮಾಘದಲ್ಲಿ ಔಷಧಿಯ ಸರದಿಯನ್ನು ಕೇಳಿದ್ದವರು ಇವರೇ. ಇಬ್ಬರೂ ತೋಟಕ್ಕೆ ಹೋದೆವು. ಮೇಲಿನ ಮರದ ಬುಡದಲ್ಲಿ ನೀರು ನಿಲ್ಲದಂತೆ ನೆಲ ಇಳಿಜಾರಾಗಿತ್ತು. ಅದರ ಕಸಿಯ ಗಂಟು ನೆಲದಿಂದ ಮೊಣಕಾಲಿನಷ್ಟು ಎತ್ತರದಲ್ಲಿ ಒಣಗಿ ನಿಂತಿತ್ತು. ಕೆಳಗಿನ ಮರದಲ್ಲಿ ಗಂಟು ಎಲ್ಲಿದೆಯೆಂದು ಹುಡುಕಿದರೆ ಕಾಣಲಿಲ್ಲ. ಮಳೆಗಾಲದ ಮೊದಲು ಆಳುಗಳು ಗೊಬ್ಬರ ಹಾಕಿ ಬುಡಕ್ಕೆ ಮಣ್ಣೇರಿಸಿದ್ದರು. ನೆರೆಯವರು ಗುದ್ದಲಿ ತಂದು ಮಣ್ಣನ್ನು ಹೊರಕ್ಕೆ ಎಳೆಯತೊಡಗಿದರು. ನಾಲ್ಕು ಬೆರಳು ಆಳದಲ್ಲಿ ಗಂಟು ಸಿಕ್ಕಿತು. ಅದರ ಸುತ್ತಣ ತೊಗಟೆ ನೆನೆದ ರಟ್ಟಿನಂತೆ ಗುದ್ದಲಿಯ ಬಾಯಿಗೇ ಅಂಟಿಕೊಂಡು ಬಂದಿತು.